ಏರ್ ರೈಫಲ್ ಸ್ಕೋಪ್ ಜಾರುವುದು ನಿಂತಿದ್ದು ಹೀಗೆ

ನನ್ನ ಸ್ಪ್ರಿಂಗ್ ಪಿಸ್ಟನ್ ಏರ್ ರೈಫಲ್‌ನಲ್ಲಿ ಗುರಿ ಹೊಂದಿಸಿದ ಸ್ವಲ್ಪ ಹೊತ್ತಿಗೇ ಪೆಲೆಟ್‌ಗಳು ಬೇರೆ ಕಡೆ ಬೀಳುತ್ತಿದ್ದವು. ಸ್ಕೋಪ್ (ಗುರಿ ನೋಡುವ ದೂರದರ್ಶಕ) ಮೇಲೆಯೇ ಅನುಮಾನ ಬರುತ್ತದೆ, ಅಲ್ವಾ? ರೈಫಲ್ ಖಾಲಿ ಇದೆ ಎಂದು ನೋಡಿಕೊಂಡು, ಮೌಂಟ್‌ನ (ಸ್ಕೋಪ್ ಹಿಡಿದಿಡುವ ಹಿಡಿಕೆ) ಹಿಂಬದಿಗೆ, ಅದು ಕೂರುವ ರೈಫಲ್ ಮೇಲಿನ ಪಟ್ಟಿಯಾದ ರೇಲ್ ಮೇಲೆ ಪೆನ್ಸಿಲ್ ಗೆರೆ ಎಳೆದೆ. ಮತ್ತೆ ಹೊಡೆದ ಮೇಲೆ ನೋಡಿದರೆ ಮೌಂಟ್ ಗೆರೆ ದಾಟಿ ಹಿಂದಕ್ಕೆ ಸರಿದಿತ್ತು.

ಇಂಥ ರೈಫಲ್ ಮೊದಲು ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ ಮುಂದೆ ಹೋಗಿ ನಿಂತ ಕೂಡಲೇ ಮುಂದಕ್ಕೆ ಜಗ್ಗುತ್ತದೆ. ಆಗ ಸ್ಕೋಪ್ ಇದ್ದಲ್ಲೇ ಉಳಿಯಲು ನೋಡುತ್ತದೆ, ರೇಲ್ ಅದರ ಕೆಳಗೆ ಮುಂದೆ ಸರಿಯುತ್ತದೆ. ಸ್ಕ್ರೂ ಸುಮ್ನೆ ಬಿಗಿ ಮಾಡಿದರೆ ಸಾಲದು, ಜಾಸ್ತಿ ಬಿಗಿದರೆ ಸ್ಕೋಪ್ ಕೊಳವೆಯೇ ನಜ್ಜುಗುಜ್ಜಾಗುತ್ತದೆ.

11 ಮಿ.ಮೀ. ಡವ್‌ಟೇಲ್‌ಗೆ (ಇಳಿಜಾರು ಅಂಚಿನ ರೇಲ್) ಹೊಂದುವ, ತಡೆಪಿನ್ ಇರುವ ಒಂದೇ ತುಂಡಿನ ಮೌಂಟ್ ತಂದೆ. ರೇಲ್‌ನ ಎಣ್ಣೆ ಒರೆಸಿ, ಪಿನ್ನನ್ನು ರೇಲ್‌ನ ತೂತಿಗೆ ಕೂರಿಸಿದೆ. ರೈಫಲ್ಲನ್ನು ಮಟ್ಟವಾಗಿ ಇಟ್ಟು, ತೂಗುಗುಂಡಿನ ದಾರಕ್ಕೆ ಕ್ರಾಸ್‌ಹೇರ್ ಸರಿಹೊಂದಿಸಿದೆ. ಸ್ಕ್ರೂಗಳನ್ನು ಅಡ್ಡಡ್ಡವಾಗಿ, ಸ್ವಲ್ಪಸ್ವಲ್ಪವೇ ಬಿಗಿದೆ.

ಆಮೇಲಷ್ಟೇ ಟರೆಟ್ (ಗುರಿ ಹೊಂದಿಸುವ ತಿರುಗುಗುಬ್ಬಿ) ಮುಟ್ಟಿದ್ದು. ಕ್ಲಿಕ್‌ಗೆ 1/4 ಎಂಒಎ (ಎಂಒಎ ಅಂದರೆ ಒಂದು ಡಿಗ್ರಿಯ 60ನೇ ಒಂದು ಭಾಗ) ಸರಿಯುವ ಸ್ಕೋಪ್‌ನಲ್ಲಿ 25 ಮೀಟರ್‌ಗೆ ಒಂದು ಕ್ಲಿಕ್ ಅಂದರೆ ಪೆಲೆಟ್ ಬೀಳುವ ಜಾಗ ಸುಮಾರು 1.8 ಮಿ.ಮೀ. ಸರಿಯುತ್ತದೆ. ಈಗ ಮೌಂಟ್ ಗೆರೆಯಲ್ಲೇ ನಿಂತಿದೆ.