ಶ್ಯಾಂಟಿ ಹಾಡಿನ ಮಾತು: ಮೊದಲು ಕಿವಿ, ಆಮೇಲೆ ಪುಸ್ತಕ

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನಾನು ಹಾಡುವ ಶ್ಯಾಂಟಿ ಗುಂಪಿಗೆ ಹೊಸಬರು ಯಾರೇ ಬರಲಿ, ಈ ಮಾತು ಕೇಳಿಯೇ ಕೇಳುತ್ತಾರೆ: "ಇದರ ಸರಿಯಾದ ಸಾಹಿತ್ಯ ಎಲ್ಲಿ ಸಿಗುತ್ತೆ?" ಇಂಟರ್ನೆಟ್‌ನಲ್ಲಿ ಹುಡುಕಿದರೆ ಒಂದೇ ಹಾಡು ಹತ್ತು ಕಡೆ ಹತ್ತು ಥರ ಇರುತ್ತೆ. ಪಬ್ಬಿನಲ್ಲಿ ಹಾಡುವುದು ಇನ್ನೊಂದೇ ಥರ. ಹಾಗಾಗಿ ನಾನು ಹಾಡುವ ಮಾತನ್ನು ಹೇಗೆ ಆರಿಸಿಕೊಳ್ಳುತ್ತೇನೆ ಅಂತ ಬರೆಯುತ್ತಿದ್ದೇನೆ.

ಶ್ಯಾಂಟಿ ಅಂದರೆ ಹಾಯಿಹಡಗಿನ ನಾವಿಕರ ಕೆಲಸದ ಹಾಡು. ಮುಂದಾಳು ಒಂದು ಸಾಲು ಹೇಳುತ್ತಾನೆ. ಅವನಿಗೆ ಶ್ಯಾಂಟಿಮ್ಯಾನ್ ಅಂತ ಹೆಸರು. ಉಳಿದವರು ಸೊಲ್ಲು ಹಿಡಿಯುತ್ತಾರೆ, ಆ ಸೊಲ್ಲಿನ ಮೇಲೇ ಹಗ್ಗ ಎಳೆಯುತ್ತಾರೆ. ನಮ್ಮ ಕುಂದಾಪುರದ ಕಡೆ ರಂಪಣಿ ಬಲೆ ಎಳೆಯುವುದನ್ನು ನೋಡಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. 2021ರ ಜನವರಿಯಲ್ಲಿ ಫೋನ್ ಫೋನಿಗೂ ಹಬ್ಬಿದ 'ವೆಲ್ಲರ್‌ಮನ್' ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಅದು ನ್ಯೂಜಿಲೆಂಡಿನ ತಿಮಿಂಗಿಲ ಬೇಟೆಯ ಕಥೆ ಹೇಳುವ ಹಾಡು, ಹಗ್ಗ ಎಳೆಯುವ ಹಾಡಲ್ಲ.

ನನ್ನ ಮೊದಲ ಪರೀಕ್ಷೆ ಹಗ್ಗದ್ದೇ. ಗೆಳೆಯರೊಬ್ಬರ ಹಿತ್ತಲಿನ ಮರದ ಕೊಂಬೆಯ ಮೇಲಿಂದ ದಪ್ಪ ಹಗ್ಗ ಹಾಯಿಸಿ, ಒಂದು ತುದಿಗೆ ಭಾರ ತೂಗಿಬಿಟ್ಟು, ಇನ್ನೊಂದು ತುದಿ ಎಳೆಯುತ್ತಾ ಹಾಡುತ್ತೇವೆ. 'ಹಾಲ್ ಅವೇ ಜೋ' ಹಾಡಿನಲ್ಲಿ ಎಲ್ಲರೂ ಒಟ್ಟಿಗೆ ಜಗ್ಗುವುದು ಕೊನೆಯ 'ಜೋ' ಮೇಲೆ. ಆ ಕ್ಷಣಕ್ಕೆ ಉಸಿರು ಒಮ್ಮೆಲೇ ಹೊರಗೆ ಬರಬೇಕು, ಹಿಮ್ಮಡಿ ನೆಲಕ್ಕೆ ಊರಬೇಕು. ಮುಂದಾಳು ತನ್ನ ಸಾಲಿಗೆ ಎರಡು ಪದ ಜಾಸ್ತಿ ತುರುಕಿದರೆ ಹಿಂದಿನವರು ಉಸಿರು ತೆಗೆದುಕೊಳ್ಳುವುದಕ್ಕೆ ಜಾಗವೇ ಇರುವುದಿಲ್ಲ, ಭಾರ ಕೆಳಗೆ ಜಾರುತ್ತೆ. ಹಾಳೆಯ ಮೇಲೆ ಚಂದ ಕಂಡ ಎಷ್ಟೋ ಸಾಲುಗಳನ್ನು ಇದೇ ಕಾರಣಕ್ಕೆ ಬಿಟ್ಟಿದ್ದೇನೆ.

'ಸೌತ್ ಆಸ್ಟ್ರೇಲಿಯಾ' ಹಾಡನ್ನೇ ನೋಡಿ. ಈಗ ಎಲ್ಲರ ಬಾಯಲ್ಲಿರುವ ಸೊಲ್ಲು 'ಹೀವ್ ಅವೇ, ಹಾಲ್ ಅವೇ'. ಹಳೆಯ ಪಾಠದಲ್ಲಿ, ಅಂದರೆ ಹಾಡಿನ ಹಳೆಯ ರೂಪದಲ್ಲಿ, 'ಹೀವ್ ಅವೇ, ಯು ರೋಲಿಂಗ್ ಕಿಂಗ್' ಅಂತ ಇದೆ. ಇದು ಕ್ಯಾಪ್‌ಸ್ಟನ್, ಅಂದರೆ ಲಂಗರಿನ ಹಗ್ಗ ಸುತ್ತುವ ದೊಡ್ಡ ರಾಟೆ, ತಿರುಗಿಸುವಾಗಿನ ಹಾಡು. ಲಂಗರು ಎತ್ತುವಾಗ ನಾವಿಕರು ಕ್ಯಾಪ್‌ಸ್ಟನ್‌ನ ಮರದ ತೋಳುಗಳಿಗೆ ಎದೆಕೊಟ್ಟು ಸುತ್ತಸುತ್ತ ನಡೆಯುತ್ತಿದ್ದರು. ಅಲ್ಲಿ ನೂಕುವುದಷ್ಟೇ, ಎಳೆಯುವ ಕೆಲಸವೇ ಇಲ್ಲ. ಹಾಗಾಗಿ 'ಹಾಲ್', ಅಂದರೆ 'ಎಳೆ' ಅನ್ನುವುದು, ಆ ಕೆಲಸಕ್ಕೆ ಕೂಡುವ ಮಾತಲ್ಲ. ನಾನು 'ರೋಲಿಂಗ್ ಕಿಂಗ್' ಅಂತಲೇ ಹಾಡುತ್ತೇನೆ. ಆದರೆ ಕೇಳಲು ಬಂದ ಜನ 'ಹಾಲ್ ಅವೇ' ಅಂತ ಸೊಲ್ಲು ಹಿಡಿದರೆ ತಡೆಯುವುದಿಲ್ಲ. ಸೊಲ್ಲು ಅವರದ್ದು ತಾನೇ?

ಎರಡನೆಯದು ಹಳೆಯ ಧ್ವನಿಮುದ್ರಣ. ಜೇಮ್ಸ್ ಮ್ಯಾಡಿಸನ್ ಕಾರ್ಪೆಂಟರ್ ಎಂಬ ಅಮೆರಿಕನ್ ವಿದ್ವಾಂಸರು 1920ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಬಂದರುಗಳನ್ನು ಸುತ್ತಿ, ವಯಸ್ಸಾದ ನಾವಿಕರ ಹಾಡುಗಳನ್ನು ಮೇಣದ ಸಿಲಿಂಡರುಗಳ ಮೇಲೆ ಹಿಡಿದಿಟ್ಟರು. ಅವನ್ನು ಈಗ ಆನ್‌ಲೈನ್‌ನಲ್ಲಿ ಕೇಳಬಹುದು. ಒಂದೆರಡು ಚರಣ ಅಷ್ಟೇ ಇರುತ್ತೆ, ಮೇಲೆ ಪೂರ್ತಿ ಕರಕರ ಸದ್ದು. ಆದರೂ ಆ ದನಿಗಳನ್ನು ಕೇಳಿದಾಗ ಆಗುವ ಸಂತೋಷ ಹೇಳತೀರದು. ಹಾಯಿ ಏರಿಸುತ್ತಾ ಹಾಡಿದವರೇ ನಮ್ಮ ಕಿವಿಯಲ್ಲಿ ಹಾಡುತ್ತಿರುತ್ತಾರೆ.

ಇಲ್ಲಿ ನನಗೆ ಕನ್ನಡ ಲಿಪಿ ಬಹಳ ಕೆಲಸಕ್ಕೆ ಬರುತ್ತೆ. ಕೇಳಿದ್ದನ್ನು ಇಂಗ್ಲಿಷ್‌ನಲ್ಲಿ ಬರೆಯಲು ಹೋದರೆ ಕೈ ತನ್ನಷ್ಟಕ್ಕೆ ಗೊತ್ತಿರುವ ಪದಕ್ಕೆ ವಾಲುತ್ತೆ. ಕನ್ನಡದಲ್ಲಿ ಸದ್ದನ್ನು ಸದ್ದಾಗಿಯೇ ಇಡಬಹುದು. 'ಶೆನಂಡೋವಾ' ಎಂದು ಅಚ್ಚಾದ ಹೆಸರನ್ನು ನಾವಿಕರು 'ಶನಡೋರ್' ಅಂದರೆ ಹಾಗೇ ಬರೆದುಕೊಳ್ಳುತ್ತೇನೆ. ಹ್ರಸ್ವ ದೀರ್ಘ ಸಹ ಉಳಿಯುತ್ತೆ. ಆಮೇಲೆ ಗುಂಪಿನ ಇಬ್ಬರಿಗೆ ಅದೇ ತುಣುಕು ಕೇಳಿಸುತ್ತೇನೆ. ಒಬ್ಬರು ಸ್ಕಾಟ್ಲೆಂಡಿನವರು, ಇನ್ನೊಬ್ಬರು ಸಾಮರ್‌ಸೆಟ್‌ನವರು. ಒಬ್ಬರ ಹಾಳೆ ಇನ್ನೊಬ್ಬರು ನೋಡಬಾರದು. ಮೂರೂ ಹಾಳೆ ಕೂಡಿದ ಕಡೆ ಧೈರ್ಯವಾಗಿ ಹಾಡುತ್ತೇನೆ. ಕೂಡದ ಕಡೆ ಅಚ್ಚಾದ ಪುಸ್ತಕ ತೆಗೆಯುತ್ತೇನೆ. ಪುಸ್ತಕವನ್ನು ಮೊದಲೇ ತೆಗೆದರೆ ಕೆಟ್ಟಿತು, ಅಲ್ಲಿ ಓದಿದ್ದೇ ಕಿವಿಗೂ ಕೇಳಿಸುತ್ತೆ.

ಪುಸ್ತಕದಲ್ಲಿ ಬೇರೆ ತೊಡಕುಗಳಿವೆ. 1841ರಲ್ಲಿ ಫ್ರಾನ್ಸಿಸ್ ಓಮ್‌ಸ್ಟೆಡ್ ತಮ್ಮ ತಿಮಿಂಗಿಲ ಹಡಗಿನ ಪ್ರವಾಸಕಥನದಲ್ಲಿ 'ಡ್ರಂಕನ್ ಸೇಲರ್' ಹಾಡನ್ನು ಅಚ್ಚು ಮಾಡಿದರು. ಅಲ್ಲಿ ಸೊಲ್ಲು 'ಹೋ! ಹೋ!' ಅಂತ ಶುರುವಾಗುತ್ತೆ. ಈಗ ಕೆಲವರು 'ಹುರ್ರೇ' ಅನ್ನುತ್ತಾರೆ, ಕೆಲವರು 'ವೇ ಹೇ' ಅನ್ನುತ್ತಾರೆ. ಕೆಲಸಕ್ಕೆ ಮೂರೂ ಒಂದೇ, ಆದ್ದರಿಂದ ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ನಿಜವಾದ ಕಷ್ಟ ಪೋಲಿ ಚರಣಗಳದ್ದು. ಹಡಗಿನಲ್ಲಿ ಅಂಥವು ಧಾರಾಳವಾಗಿದ್ದವು, ಅಚ್ಚಿಗೆ ಹೋಗುವಾಗ ಸಂಗ್ರಾಹಕರು ಅವನ್ನು ತಿದ್ದಿದರು. ಸ್ವತಃ ಹಡಗಿನಲ್ಲಿ ಶ್ಯಾಂಟಿ ಹೇಳಿದ ಸ್ಟ್ಯಾನ್ ಹ್ಯೂಗಿಲ್ ಕೂಡ 1961ರ ತಮ್ಮ ದೊಡ್ಡ ಸಂಗ್ರಹದಲ್ಲಿ ಅಂಥ ಸಾಲುಗಳಿಗೆ ಮರೆ ಕಟ್ಟಿದರು. ಒಂದು ಸಾಲು ತೀರಾ ಸಪ್ಪೆಯಾಗಿದ್ದರೆ ಅದು ತಪ್ಪಾಗಿ ಕೇಳಿಸಿಕೊಂಡದ್ದೋ ಬೇಕಂತಲೇ ಬದಲಿಸಿದ್ದೋ ಅಂತ ನಾನು ಮೊದಲು ನೋಡುವುದು ಅದಕ್ಕೇ.

ನನಗೆ ತುಂಬ ಪ್ರೀತಿಯ ಉದಾಹರಣೆ ವಾಚೆಟ್‌ನದ್ದು. ಬ್ರಿಸ್ಟಲ್ ಕೊಲ್ಲಿಯ ದಂಡೆಯಲ್ಲಿರುವ ಪುಟ್ಟ ಬಂದರು ಅದು. ಅಲ್ಲಿನ ಜಾನ್ ಶಾರ್ಟ್ (1839–1933) ಹೆಸರಾಂತ ಶ್ಯಾಂಟಿಮ್ಯಾನ್. ಊರವರು ಅವರನ್ನು 'ಯಾಂಕೀ ಜ್ಯಾಕ್' ಅಂತ ಕರೆಯುತ್ತಿದ್ದರು. ಸೆಸಿಲ್ ಶಾರ್ಪ್ ಅವರು 1914ರಲ್ಲಿ ತಂದ ಶ್ಯಾಂಟಿ ಸಂಗ್ರಹದ ಬಹುಪಾಲು ಶಾರ್ಟ್ ಹಾಡಿದ್ದೇ. ಅದರ ಒಂದು ಸೊಲ್ಲಿನಲ್ಲಿ 'ಓಟ್‌ಕೇಕ್ ಬೇಗ ಮಾಡು ಜೆನ್ನಿ' ಅಂತ ಬರುತ್ತೆ. ನಾವಿಕ ಮನೆಗೆ ಬರುತ್ತಿದ್ದಾನೆ, ಹೆಂಗಸು ರೊಟ್ಟಿ ಸುಡುತ್ತಾಳೆ. ಸರಿಯಾಗೇ ಇದೆ ಅನ್ನಿಸುತ್ತೆ, ಅಲ್ವಾ? ಆದರೆ ಅಮೆರಿಕದ ಬ್ಯಾಂಜೋ ಕಲಾವಿದ ಜೋಯೆಲ್ ಸ್ವೀನಿ ಅವರ 1840ರ ಹಾಡೊಂದರಲ್ಲಿ ಇದೇ ಜೆನ್ನಿ ಮಾಡುವುದು ಹೋ‌ಕೇಕ್. ಅದು ಅಮೆರಿಕದ ದಕ್ಷಿಣದವರು ಮೆಕ್ಕೆಜೋಳದ ಹಿಟ್ಟಿನಲ್ಲಿ ಮಾಡುವ ರೊಟ್ಟಿ. ಬ್ರಿಟನ್ನಿನ ಕಿವಿಗೆ ಹೋ‌ಕೇಕ್ ಗೊತ್ತಿರಲಿಲ್ಲ, ಓಟ್ಸ್ ರೊಟ್ಟಿ ಗೊತ್ತಿತ್ತು.

ಹಾಗಂತ ಹೋ‌ಕೇಕ್‌ಗೆ ವಾಪಸ್ ಹೋಗಬೇಕಾ? ನಾನು ಹೋಗುವುದಿಲ್ಲ. ಇದು ಶಾರ್ಟ್ ಬಾಯಿಂದ ಬಂದ ಪಾಠ, ಅದನ್ನು ಅವರ ರೊಟ್ಟಿಯ ಸಮೇತ ಹಾಡುತ್ತೇನೆ. ಆದರೆ ಹಾಡು ಶುರುಮಾಡುವ ಮುಂಚೆ ಅದು ಅಮೆರಿಕದಿಂದ ಬಂದ ದಾರಿಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ.

'ಬೋನಿ ವಾಸ್ ಎ ವಾರಿಯರ್' ಹಾಡಿನದೂ ಇದೇ ನ್ಯಾಯ. ಬೋನಿ ಅಂದರೆ ನೆಪೋಲಿಯನ್ ಬೋನಪಾರ್ಟ್. 1815ರ ಜುಲೈನಲ್ಲಿ ಅವನು ಬ್ರಿಟಿಷರಿಗೆ ಶರಣಾದದ್ದು ಬೆಲ್ಲೆರೋಫನ್ ಎಂಬ ಯುದ್ಧನೌಕೆಯಲ್ಲಿ. ಆ ಗ್ರೀಕ್ ಹೆಸರು ನಾವಿಕರ ನಾಲಿಗೆಯಲ್ಲಿ 'ಬಿಲ್ಲಿ ರಫಿಯನ್' ಆಯಿತು, ಅಂದರೆ ಪುಂಡ ಬಿಲ್ಲಿ. ಹಾಡಿನೊಳಗೂ ಹಡಗಿಗೆ ಅದೇ ಹೆಸರು ಬಂತು. ಇದನ್ನು ತಿದ್ದಿ ಬೆಲ್ಲೆರೋಫನ್ ಅಂತ ಹಾಡಿದವರನ್ನು ಕೇಳಿದ್ದೇನೆ. ತಾಳಕ್ಕೇನೂ ಅಡ್ಡಿಯಿಲ್ಲ. ಆದರೆ ಆ ಹಡಗಿನಲ್ಲಿ ದುಡಿದವರು ಇಟ್ಟ ಹೆಸರು ಹೋಗಿಬಿಡುತ್ತೆ. ನಾನಂತೂ ತಿದ್ದುವುದಿಲ್ಲ.

'ಸ್ಯಾಂಟಿ ಆನೊ' ಮಾತ್ರ ನನ್ನನ್ನು ಬಹಳ ಕಾಡಿದೆ. ಅದು ಮೆಕ್ಸಿಕೋದ ಜನರಲ್ ಸಾಂತಾ ಆನಾ ಹೆಸರು. ಒಂದು ಪಾಠದಲ್ಲಿ ಅವನು ಗೆಲ್ಲುತ್ತಾನೆ, ಅಮೆರಿಕದ ಜನರಲ್ ಟೇಲರ್ ಓಡಿಹೋಗುತ್ತಾನೆ. ಇನ್ನೊಂದರಲ್ಲಿ ಪೂರ್ತಿ ಉಲ್ಟಾ. 1847ರ ಯುದ್ಧಗಳಲ್ಲಿ ಸೋತವನು ಸಾಂತಾ ಆನಾ. ಇಲ್ಲಿ ಬದಲಾಗಿರುವುದು ಪದವಲ್ಲ, ಕಥೆಯೇ. ನಾನು ಮೆಕ್ಸಿಕೋ ಗೆಲ್ಲುವ ಪಾಠವನ್ನೇ ಹಾಡುತ್ತೇನೆ. ಹಗ್ಗ ಹಿಡಿದವರು ಯಾರ ಕಡೆ ಮನಸ್ಸು ಇಟ್ಟಿದ್ದರು ಅನ್ನುವುದು ಅದರಲ್ಲಿ ಕೇಳಿಸುತ್ತೆ ಅಂತ ನನ್ನ ನಂಬಿಕೆ. ಗುಂಪಿನ ಕೆಲವರು ಒಪ್ಪುವುದಿಲ್ಲ. ಅವರು ಮುಂದಾಳಾದ ದಿನ ಟೇಲರ್ ಗೆಲ್ಲುತ್ತಾನೆ, ನಾನು ಅದಕ್ಕೂ ಅಷ್ಟೇ ಜೋರಾಗಿ ಸೊಲ್ಲು ಹಿಡಿಯುತ್ತೇನೆ.