ದೋಣಿ ಏರಿ ಕ್ಯಾಂಪಿಗೆ ಹೊರಟವರಿಗೆ: ಕಾಫಿ ಫಿಲ್ಟರ್ ಬಿಡಬೇಡಿ

ಹೊನ್ನೆಮರಡಿನಲ್ಲಿ ಶರಾವತಿ ಹಿನ್ನೀರಿಗೆ ಕಯಾಕ್ ಇಳಿಸಿ, ರಾತ್ರಿ ಟೆಂಟಿನಲ್ಲಿ ಉಳಿಯುವವರಿಗೆ ಒಂದು ಮಾತು. ಇದು ಚಾರಣದ ಹಾಗಲ್ಲ, ಭಾರವನ್ನು ದೋಣಿಯೇ ಹೊರುತ್ತದೆ. ಹಾಗಾಗಿ ಒಂದೆರಡು ಸುಖದ ಸಾಮಾನಿಗೆ ಜಾಗ ಮಾಡಿಕೊಳ್ಳಿ.

ನನ್ನದು ಪುಟ್ಟ ಸ್ಟೀಲ್ ಕಾಫಿ ಫಿಲ್ಟರ್. ಮಲಗುವ ಮುಂಚೆ ಪುಡಿ ಹಾಕಿ ಕುದಿಯುವ ನೀರು ಸುರಿದಿಟ್ಟರೆ ಬೆಳಗ್ಗೆ ಗಟ್ಟಿ ಡಿಕಾಕ್ಷನ್ ಸಿದ್ಧ. ಹಾಲು ಕೆಡುತ್ತದೆ, ಹಾಲಿನ ಪುಡಿ ಒಯ್ಯಿರಿ. ಮಂಜು ಮುಸುಕಿದ ನೀರಿನ ಎದುರು ಆ ಒಂದು ಲೋಟ ಕಾಫಿ, ಅಬ್ಬಾ!

ಇನ್ನೊಂದು, ಒಣ ಪಂಚೆ ಮತ್ತು ಉಣ್ಣೆ ಕಾಲುಚೀಲ. ರಾತ್ರಿಗೆ ಮಾತ್ರ. ನೀರು ಒಳಹೋಗದ ಡ್ರೈ ಬ್ಯಾಗಿಗೆ ಹಾಕಿ, ಗಾಳಿ ಹೊರಗೆ ಒತ್ತಿ, ಬಾಯಿಯನ್ನು ಮೂರು ಸುತ್ತು ಮಡಚಿ ಕ್ಲಿಪ್ ಹಾಕಿ. ದಿಂಬು ಗಾಳಿ ತುಂಬುವುದೇ ಸಾಕು. ಭಾರದ್ದೆಲ್ಲ ದೋಣಿಯ ನಡುವೆ, ತಳದಲ್ಲಿರಲಿ.