ವ್ಯಾಪಾರದಲ್ಲಿ ಮೋಸ ಆಗದಂತೆ ನೋಡಿಕೊಳ್ಳುವುದು ಹೇಗೆ? ಯಹೂದಿ ಗುರುಗಳು ಹೇಳಿದ್ದು, ಕೋಲಾರದಲ್ಲಿ ನಾವು ಮಾಡಬಹುದಾದ್ದು

ಸುಮಾರು ಕ್ರಿ.ಶ. 200ರಲ್ಲಿ ರಬ್ಬಿ (ಯಹೂದಿ ಗುರು) ಯೆಹೂದಾ ಹನಾಸಿ ಒಟ್ಟುಗೂಡಿಸಿದ ಮಿಷ್ನಾ ಎಂಬ ಯಹೂದಿ ಧರ್ಮನಿಯಮಗಳ ಗ್ರಂಥದಲ್ಲಿ ಪ್ರಾರ್ಥನೆ, ಹಬ್ಬಗಳ ಜೊತೆಗೆ ತಕ್ಕಡಿ, ಕೂಲಿ, ಕಾಳಿನ ವ್ಯಾಪಾರದ ನಿಯಮಗಳೂ ಇವೆ. ಟೊಮೆಟೊ ಬೆಳೆಯುವ ನಮ್ಮೂರಿಗೆ ಅವು ಚೆನ್ನಾಗಿ ಹೊಂದುತ್ತವೆ.

ಮೊದಲು ಬಾಕ್ಸ್ ತುಂಬೋದು. ಕಾಳು ಮಾರುವವನು ಮೇಲೆ ಕಾಣುವಷ್ಟನ್ನು ಮಾತ್ರ ಹಸನು ಮಾಡಿಡಬಾರದು, ಅದು ಕಣ್ಣಿಗೆ ಮಾಡುವ ಮೋಸ ಅನ್ನುತ್ತದೆ ಮಿಷ್ನಾ. ಹಾಗಾಗಿ 15 ಕೆ.ಜಿ. ಬಾಕ್ಸ್ ತುಂಬುವಾಗ ತಳಕ್ಕೆ ಒಡೆದ ಹಣ್ಣು, ಮೇಲೆ ಕೆಂಪಗೆ ಹೊಳೆಯೋ ಹಣ್ಣು ಹಾಕಬೇಡಿ. ಹೊಲದಲ್ಲೇ ವಿಂಗಡಿಸಿ, ಎರಡನೇ ದರ್ಜೆಯದನ್ನು ಬೇರೆ ಬಾಕ್ಸಿಗೆ ತುಂಬಿ, ಹರಾಜಿನಲ್ಲಿ ಹಾಗಂತಲೇ ಹೇಳಿ. ರೇಟು ಕಮ್ಮಿ ಬರುತ್ತೆ, ನಿಜ. ಆದರೂ ಇದೇ ಸರಿ.

ಅಂಗಡಿಯವರು ಅಳತೆ ಪಾತ್ರೆಯನ್ನು ವಾರಕ್ಕೆ 2 ಸಲ, ತೂಕದ ಬಟ್ಟನ್ನು ವಾರಕ್ಕೆ ಒಂದು ಸಲ, ತಕ್ಕಡಿಯನ್ನು ಪ್ರತಿ ಸಲ ತೂಗಿದ ಮೇಲೂ ಶುಚಿ ಮಾಡಬೇಕು ಅಂತಲೂ ಇದೆ. ಬೆಲ್ಲ, ಹುಣಸೆಹಣ್ಣು ಮಾರುವವರಿಗೆ ಇದು ಥಟ್ಟನೆ ಅರ್ಥವಾಗುತ್ತೆ, ಯಾಕಂದ್ರೆ ತಟ್ಟೆಗೆ ಅಂಟಿಕೊಂಡದ್ದಕ್ಕೂ ಮುಂದಿನ ಗಿರಾಕಿಯೇ ದುಡ್ಡು ಕೊಡಬೇಕಾಗುತ್ತೆ, ಅಲ್ವಾ? ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ ಪ್ರತಿ ಸಲ ಒರೆಸಿ, ಸೊನ್ನೆ ತೋರಿಸುತ್ತಿದೆಯಾ ಅಂತ ಗಿರಾಕಿಯ ಕಣ್ಣೆದುರೇ ನೋಡಿ.

ಕೊಳ್ಳುವವರಿಗೂ ಒಂದು ಮಾತಿದೆ, ನನಗೆ ಬಹಳ ಹಿಡಿಸಿದ್ದೂ ಅದೇ. ಕೊಳ್ಳುವ ಮನಸ್ಸಿಲ್ಲದೆ ಬೆಲೆ ಕೇಳಬಾರದು. ಮಾತಿನಿಂದ ನೋಯಿಸುವುದೂ ವ್ಯಾಪಾರದ ಮೋಸದಷ್ಟೇ ತಪ್ಪು ಅನ್ನುವುದು ಆ ಗುರುಗಳ ಲೆಕ್ಕ. ಬಿಸಿಲಲ್ಲಿ ಸೊಪ್ಪು ಇಟ್ಟುಕೊಂಡು ಕೂತ ಅಜ್ಜಿ ಹತ್ತಿರ ಸುಮ್ನೆ ರೇಟು ಕೇಳಿ, ಕಟ್ಟು ಬಿಚ್ಚಿಸಿ, ಆಸೆ ಹುಟ್ಟಿಸಿ ಎದ್ದು ಹೋಗಬೇಡಿ. ಎರಡು ಕಡೆ ವಿಚಾರಿಸಿ ತಗೊಳ್ಳೋದು ಬೇರೆ, ಅದರಲ್ಲಿ ತಪ್ಪಿಲ್ಲ. ಬರೀ ತಿಳ್ಕೊಳ್ಳೋಕೆ ಕೇಳುತ್ತಿದ್ದರೆ ಅದನ್ನು ಮೊದಲೇ ಹೇಳಿಬಿಡಿ.

ಕೊನೆಗೆ ಕೂಲಿ. ಹಗಲು ದುಡಿದವರ ಕೂಲಿ ಮರುದಿನ ಬೆಳಗಾಗುವುದರೊಳಗೆ ಅವರ ಕೈಸೇರಬೇಕು. ಕೂಲಿಯವರು ಕೇಳದೇ ಇದ್ದರೆ ತಡ ಮಾಡಿದ ದೋಷ ಬರೋದಿಲ್ಲ ಅಂತಲೂ ಮಿಷ್ನಾದಲ್ಲಿದೆ. ಆದರೆ ನಮ್ಮ ಕಡೆ ಎಷ್ಟೋ ಜನ ಸಂಕೋಚಕ್ಕೆ ಕೇಳೋದೇ ಇಲ್ಲ, ಅದನ್ನು ನೆಪ ಮಾಡ್ಕೋಬೇಡಿ. ಮಂಡಿಯಿಂದ ದುಡ್ಡು ಬರೋದು ತಡ ಅಂತ ಗೊತ್ತಿದ್ದರೆ, ಕೂಲಿಯ ಹಣವನ್ನು ಮೊದಲೇ ಎತ್ತಿಟ್ಟು ಆಮೇಲೆ ಕೊಯ್ಲಿಗೆ ಆಳು ಕರೆಯಿರಿ.